ರಿಪೇರಿಗೆ ಬಾಗಿಲು ತೆಗೀತೀನಿ, ಆದ್ರೆ 19 ದಿನ ಬಾತ್‌ರೂಮ್ ಇಲ್ದೆ ಪೂರ್ತಿ ಬಾಡಿಗೆ ಕೊಡಬೇಕಾ? (ತುಮಕೂರು)

ಬಟವಾಡಿ_ಎರಡನೇಮಹಡಿ

ಎಲ್ಲರಿಗೂ ನಮಸ್ಕಾರ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ. ಮನೇಲಿ ದಿನಾ ಇದೇ ಮಾತು, ನನಗೆ ರಾತ್ರಿ ನಿದ್ದೆ ಬರ್ತಿಲ್ಲ.

ಬಟವಾಡಿ ಹತ್ರ ಮೂರು ಮಹಡಿ ಬಿಲ್ಡಿಂಗ್. ಎರಡನೇ ಮಹಡೀಲಿ ನಾವು ಬಾಡಿಗೆಗೆ ಇದೀವಿ, ಮೂರನೇದರಲ್ಲಿ ಓನರ್ ಅಂಕಲ್, ಆಂಟಿ ಇಬ್ರೇ. ನಾವು ಬಂದು ನಾಲ್ಕು ವರ್ಷ ಆಯ್ತು. ಎರಡು ಬೆಡ್‌ರೂಮ್, ಬಾಡಿಗೆ 11,500, ಅಡ್ವಾನ್ಸ್ 80,000. ನಮ್ಮ ಯಜಮಾನ್ರದ್ದು ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ, ನಾನು ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಮಗಳು ಒಂಬತ್ತನೇ ಕ್ಲಾಸು. ಜೊತೆಗೆ ಅತ್ತೆ, 74 ವರ್ಷ, ಎರಡು ಮಂಡಿನೂ ಸವೆದು ಹೋಗಿದೆ. ಯಜಮಾನ್ರಿಗೆ ಕೆಲಸ ಇಲ್ಲದಿದ್ದ ಒಂದು ಸಲ ಬಿಟ್ಟರೆ, ಒಂದು ತಿಂಗಳೂ ಬಾಡಿಗೆ 5ನೇ ತಾರೀಖು ದಾಟಿಸಿದವರಲ್ಲ ನಾವು.

ಗೌರಿ ಹಬ್ಬದ ಹಿಂದಿನ ವಾರ ಅಡುಗೆಮನೆ ಸೀಲಿಂಗ್ ಮೂಲೇಲಿ ಕಾಫಿ ಚೆಲ್ಲಿದ ಹಾಗೆ ಒಂದು ಕಲೆ ಕಾಣಿಸ್ತು. ಗಣಪತಿ ಬಿಡೋ ಹೊತ್ತಿಗೆ ಅದು ಊಟದ ತಟ್ಟೆಯಷ್ಟು ಅಗಲ ಆಗಿತ್ತು. ಆ ಗೋಡೆಯ ಆಚೆ ಕಡೆ ನಮ್ಮ ಬಾತ್‌ರೂಮ್. ಮೇಲಿನವರ ಸ್ನಾನದ ಮನೆ ನೀರು ಹೋಗೋ ಪೈಪು ನಮ್ಮ ಬಾತ್‌ರೂಮಿನ ಸೀಲಿಂಗ್ ಕೆಳಗೇ ಹಾದು ಹೋಗುತ್ತೆ. ಅವರು ಬೆಳಿಗ್ಗೆ ಸ್ನಾನ ಮುಗಿಸಿ ಹತ್ತು ನಿಮಿಷಕ್ಕೆ ನಮ್ಮಲ್ಲಿ ತೊಟ್ಟಿಕ್ಕೋಕೆ ಶುರು. ಅಕ್ಕಿ ಡಬ್ಬ ಆ ಕಡೆಯಿಂದ ಸರಿಸಿ ಕೆಳಗೆ ಒಂದು ಪಾತ್ರೆ ಇಟ್ಟೆ. ಅಂಕಲ್‌ಗೆ ಹೇಳಿದೆ. ಒಂದು ದಿನ ಯಾರೋ ಬಂದು ವೈಟ್ ಸಿಮೆಂಟ್ ಮೆತ್ತಿ ಹೋದ್ರು, ಒಂದು ವಾರ ನಿಂತಿತ್ತು.

ಸೆಪ್ಟೆಂಬರ್ ಕೊನೇಲಿ ಮಿಕ್ಸಿ ಸ್ವಿಚ್ ಪಕ್ಕದ ಗೋಡೆ ಒದ್ದೆ ಆಯ್ತು. ನಮ್ಮ ಯಜಮಾನ್ರು ಟೆಸ್ಟರ್ ತಗೊಂಡು ಬರೀ ಗೋಡೆಗೆ ಒತ್ತಿದ್ರು. ಮಂಕಾಗಿ ಕೆಂಪು ದೀಪ ಹತ್ತಿತು. ನನ್ನ ಮಗಳು ದಿನಾ ಬೆಳಿಗ್ಗೆ ಬರಿಗಾಲಲ್ಲಿ ಅಲ್ಲೇ ನಿಂತು ಹಾಲು ಕಾಯಿಸೋದು. ಅವತ್ತು ನಾನು ಮೇಲೆ ಹೋಗಿ ಜೋರಾಗೇ ಮಾತಾಡಿದೆ, ಒಪ್ಕೋತೀನಿ. ಇನ್ನೂ ಒಂದು ಒಪ್ಕೋಬೇಕು. ಅದಕ್ಕೆ ಮುಂಚೆ ಎರಡು ಸಲ ಅಂಕಲ್ "ನಾಳೆ ಕೆಲಸದವರು ಬರ್ತಾರೆ" ಅಂದಾಗ, ನನಗೆ ಡ್ಯೂಟಿ ಇದೆ, ಭಾನುವಾರ ಕಳಿಸಿ ಅಂದಿದ್ದೆ. ಭಾನುವಾರ ಕೆಲಸದವರು ಸಿಗಲ್ಲ ಅಂದ್ರು. ಹಾಗೆ ಹತ್ತು ದಿನ ನನ್ನಿಂದಲೂ ಹೋಯ್ತು.

ಆಮೇಲೆ ಅಕ್ಟೋಬರ್ 6, ಸೋಮವಾರ. ನಾನು ಲ್ಯಾಬ್‌ನಲ್ಲಿ, ಯಜಮಾನ್ರು ಶಿಫ್ಟ್‌ನಲ್ಲಿ, ಮಗಳು ಸ್ಕೂಲಲ್ಲಿ. ಅತ್ತೆ ಊಟ ಮಾಡಿ ಮಲಗಿದ್ದಾರೆ. ಅಂಕಲ್ ತಮ್ಮ ಹತ್ರ ಇರೋ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಮೂರು ಜನ ಗಾರೆ ಕೆಲಸದವರನ್ನ ಒಳಗೆ ಬಿಟ್ಟಿದ್ದಾರೆ. ನನಗೆ ಒಂದು ಫೋನೂ ಇಲ್ಲ. ಅತ್ತೆ ಕಣ್ಣು ಬಿಟ್ಟರೆ ಹಾಲ್‌ನಲ್ಲಿ ಗುರುತಿಲ್ಲದ ಗಂಡಸು ಹಾರೆ ಹಿಡ್ಕೊಂಡು ನಿಂತಿದ್ದಾನೆ. ಸೆರಗು ಸರಿ ಮಾಡ್ಕೊಳ್ಳೋಕೂ ಆಗಲಿಲ್ಲ ಅಂತ ಎರಡು ದಿನ ಅದನ್ನೇ ಹೇಳ್ಕೊಂಡು ಅತ್ತರು. ನಾನು ಸಂಜೆ ಬರೋ ಹೊತ್ತಿಗೆ ಬಾತ್‌ರೂಮಿನ ಗೋಡೆ ಟೈಲ್ಸ್ ಒಡೆದು, ಪೈಪು ತೆಗೆಯೋಕೆ ಅಂತ ಕಮೋಡನ್ನೇ ಕಿತ್ತು ಪ್ಯಾಸೇಜಲ್ಲಿ ಇಟ್ಟಿದ್ರು.

ನಮ್ಮ ಮನೇಲಿ ಇನ್ನೊಂದು ಟಾಯ್ಲೆಟ್ ಇದೆ, ಇಂಡಿಯನ್. ಅತ್ತೆಗೆ ಕೂತರೆ ಏಳೋಕಾಗಲ್ಲ. ಮಾರನೇ ದಿನವೇ 2,400 ಕೊಟ್ಟು ಕಮೋಡ್ ಚೇರ್ ತಂದ್ವಿ. ನಾನು, ಮಗಳು ಸರದಿ ಮೇಲೆ ತೊಳೀತಿದ್ವಿ. ಮೂರನೇ ದಿನ ರಾತ್ರಿ ಅತ್ತೆ ಮಂಚದ ಪಕ್ಕದ ಚೊಂಬು ನೋಡಿದೆ. ಬೆಳಿಗ್ಗೆ ತುಂಬಿಟ್ಟಿದ್ದು ತುಂಬಿದ ಹಾಗೇ ಇತ್ತು. ಮೊಮ್ಮಗಳ ಕೈಲಿ ತೊಳೆಸೋದು ಬೇಡ ಅಂತ ನೀರು ಕುಡಿಯೋದನ್ನೇ ಬಿಟ್ಟಿದ್ರು.

ಕೆಲಸದವರು ಪಾವಗಡದ ಕಡೆಯವರು, ಹಬ್ಬಕ್ಕೆ ಊರಿಗೆ ಹೋದವರು ಬರಲಿಲ್ಲ. ನೀರು ತುಂಬೋ ಹಬ್ಬಕ್ಕೆ ನೀರು ತುಂಬೋಕೆ ಜಾಗ ಇಲ್ಲ. ನರಕ ಚತುರ್ದಶಿ ಬೆಳಿಗ್ಗೆ ಯುಟಿಲಿಟೀಲಿ ಹಳೇ ಸೀರೆ ಅಡ್ಡ ಕಟ್ಟಿ, ಸ್ಟೂಲ್ ಮೇಲೆ ಕೂರಿಸಿ ಅತ್ತೆಗೆ ಎಣ್ಣೆ ನೀರು ಹಾಕಿದೆ. 24ನೇ ತಾರೀಖು ಕಮೋಡ್ ಕೂರಿಸಿದ್ರು. ಒಟ್ಟು 19 ದಿನ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್‌ನಲ್ಲೇ ಗುರುತು ಹಾಕಿದ್ದೆ. ಕೆಲಸದವರು ಬಂದ ದಿನ ಸುತ್ತು, ಬರದ ದಿನ ಕತ್ತರಿ. ಸುತ್ತು 8, ಕತ್ತರಿ 11.

ನವೆಂಬರ್ ಬಾಡಿಗೇಲಿ 3,500 ಕಡಿಮೆ ಮಾಡ್ಕೊಳ್ಳಿ ಅಂಕಲ್ ಅಂತ ಕೇಳಿದೆ. "ನನಗೆ 46,000 ಖರ್ಚಾಗಿದೆ, ರಿಪೇರಿ ಮಾಡಿಸಿದ್ದಕ್ಕೆ ನಾನೇ ದಂಡ ಕಟ್ಟಬೇಕಾ? ನೀವು ಮೊದಲೇ ಬಾಗಿಲು ತೆಗೆದಿದ್ರೆ ಇಷ್ಟು ಆಗ್ತಿರಲಿಲ್ಲ" ಅಂದ್ರು. ಅದರ ಮೇಲೆ ಅಡುಗೆಮನೆ ಪೇಂಟಿಂಗ್ ಖರ್ಚು ನಮ್ಮ ಅಡ್ವಾನ್ಸ್‌ನಲ್ಲಿ ಹಿಡ್ಕೋತಾರಂತೆ.

ನಾನು ಕೇಳೋದು ಇಷ್ಟು. ಹೇಳದೆ ಕೇಳದೆ ಕೀಲಿ ಹಾಕಿ ಒಳಗೆ ಬರಬಹುದಾ? ಬಾತ್‌ರೂಮ್ ಇಲ್ಲದ ದಿನಕ್ಕೆ ಬಾಡಿಗೆ ಕಡಿಮೆ ಕೇಳೋದು ತಪ್ಪಾ? ಪೇಂಟಿಂಗ್ ನಾವು ಕೊಡಬೇಕಾ? ನಮ್ಮ ಯಜಮಾನ್ರು, ನವೆಂಬರ್ ಬಾಡಿಗೆ ಕೊಡೋದೇ ಬೇಡ, ಅವರೇ ಮಾತಿಗೆ ಬರ್ತಾರೆ ಅಂತಿದ್ದಾರೆ. ನನಗೆ ಧೈರ್ಯ ಬರ್ತಿಲ್ಲ.

ದಿನಾರೈಲು

ಇಷ್ಟು ನೋವು ತಿಂದು ಅಲ್ಲೇ ಯಾಕಿದ್ದೀರಿ ಸಿಸ್ಟರ್? ಅಡ್ವಾನ್ಸ್ ತಗೊಂಡು ಬೇರೆ ಮನೆ ನೋಡಿ. ಎಸ್‌ಐಟಿ ಕಾಲೇಜ್ ಕಡೆ ಟು-ಲೆಟ್ ಬೋರ್ಡ್ ಬೇಕಾದಷ್ಟಿವೆ.

ಬಟವಾಡಿ_ಎರಡನೇಮಹಡಿ

ನೋಡಿದೀವಿ ಸರ್. ನಮಗೆ ಲಿಫ್ಟ್ ಇರೋ ಮನೇನೇ ಬೇಕು, ಇಲ್ಲ ಅಂದ್ರೆ ಗ್ರೌಂಡ್ ಫ್ಲೋರ್. ಈ ಬಾಡಿಗೆಗೆ ಎರಡೂ ಸಿಗ್ತಿಲ್ಲ. ಮಗಳಿಗೆ ಮುಂದಿನ ವರ್ಷ ಎಸ್ಎಸ್ಎಲ್‌ಸಿ. ಅಲ್ಲದೆ ಆಂಟಿ ಕೆಟ್ಟವರಲ್ಲ. ಕೊರೊನಾ ಆದ್ಮೇಲೆ ಯಜಮಾನ್ರಿಗೆ ಆರು ವಾರ ಕೆಲಸ ಇಲ್ದಾಗ ಬಾಡಿಗೆ ಕೇಳಬೇಡಿ ಅಂತ ಅಂಕಲ್‌ಗೆ ಹೇಳಿದವರು ಅವರೇ. ಆ ಬಾಡಿಗೆ ಆಮೇಲೆ ತೀರಿಸಿದ್ವಿ. ನನಗೆ ಮನೆ ಬಿಡೋಕೆ ಇಷ್ಟ ಇಲ್ಲ, ನ್ಯಾಯ ಆಗಬೇಕು ಅಷ್ಟೇ.

ಶಿರಾಗೇಟ್_ಗಾರೆಕೆಲಸ

ಅಕ್ಕಾ, ನಾನು 22 ವರ್ಷದಿಂದ ಗಾರೆ ಕೆಲಸ, ವಾಟರ್‌ಪ್ರೂಫಿಂಗ್ ಮಾಡ್ಕೊಂಡು ಬಂದಿದೀನಿ. ಕಾನೂನು ಗೊತ್ತಿಲ್ಲ, ಕೆಲಸ ಗೊತ್ತು.

ಮೊದಲು ಕರೆಂಟ್ ವಿಚಾರ. ಪೈಪು ಸರಿ ಮಾಡಿದ ತಕ್ಷಣ ಗೋಡೆ ಒಣಗಲ್ಲ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಆ ಸ್ವಿಚ್ ಬಾಕ್ಸ್ ಬಿಚ್ಚಿಸಿ ನೋಡಿ. ಅಲ್ಲಿವರೆಗೂ ಅಡುಗೆಮನೆ ಪ್ಲಗ್‌ಗೆ ಹೋಗೋ ಎಂಸಿಬಿ ಸ್ವಿಚ್ ಕೆಳಗೆ ಇಳಿಸಿಡಿ. ಮೀಟರ್ ಬೋರ್ಡ್ ಹತ್ರ 30 ಮಿಲಿ ಆಂಪ್ಸ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್, ಇದೆಯಾ ನೋಡಿ. ಇಲ್ಲದಿದ್ರೆ ಓನರ್‌ಗೆ ಹೇಳಿ ಹಾಕಿಸಿ. ಬಾಡಿಗೆ ಜಗಳ ನಾಳೆ ಮಾಡಬಹುದು, ಇದು ಇವತ್ತೇ ಆಗಬೇಕು. ಮಗು ಚಪ್ಪಲಿ ಹಾಕ್ಕೊಂಡೇ ಅಡುಗೆಮನೇಲಿ ನಿಲ್ಲಲಿ.

ಈಗ ನಿಮ್ಮ ಕ್ಯಾಲೆಂಡರ್. ಸ್ನಾನ ಆದ್ಮೇಲೆ ಮಾತ್ರ ಸೋರ್ತಿತ್ತು ಅಂದ್ರಲ್ಲ, ಅಂದ್ರೆ ಅದು ಟ್ಯಾಂಕಿಯಿಂದ ಬರೋ ನೀರಿನ ಲೈನ್ ಅಲ್ಲ. ಆ ಲೈನ್ ಒಡೆದಿದ್ರೆ ರಾತ್ರಿ ಹಗಲು ಒಂದೇ ಸಮ ತೊಟ್ಟಿಕ್ತಿತ್ತು. ಇದು ಮೇಲಿನವರ ನಾಣಿ ಟ್ರ್ಯಾಪ್ (ಸ್ನಾನದ ನೀರು ನೆಲದಿಂದ ಇಳಿದು ಹೋಗೋ ಜಾಗ) ಸುತ್ತಲಿನ ಗಾರೆ ಬಿಟ್ಟಿರೋದು, ಇಲ್ಲ ಟ್ರ್ಯಾಪ್‌ನಿಂದ ಹೊರಡೋ ಪೈಪಿನ ಜಾಯಿಂಟ್. ಅದನ್ನ ಮೇಲಿಂದ ಅರ್ಧ, ಕೆಳಗಿಂದ ಅರ್ಧ ಮಾಡಬೇಕು. ನಿಮ್ಮ ಬಾತ್‌ರೂಮಿಗೆ ಬರದೆ ಆಗಲ್ಲ, ಅದು ಓನರ್ ತಪ್ಪಲ್ಲ. ಒಡೆಯೋಕೆ ಒಂದು ದಿನ, ಟ್ರ್ಯಾಪ್ ಪೈಪು ಬದಲಾಯಿಸೋಕೆ ಒಂದು. ಕೆಮಿಕಲ್ ಎರಡು ಕೋಟಿಂಗ್, ಮಧ್ಯೆ ಒಣಗಬೇಕು, ಅದಕ್ಕೆ ಎರಡು ದಿನ. ಆಮೇಲೆ ಟೈಲ್ಸ್, ಜಾಯಿಂಟ್, ಕಮೋಡ್. ಎಂಟು ಸುತ್ತು ಸರಿಯಾಗೇ ಇದೆ.

ಆದ್ರೆ ಹನ್ನೊಂದು ಕತ್ತರೀನೂ ಅವರ ತಲೆ ಮೇಲೆ ಹಾಕಬೇಡಿ. ಕೋಟಿಂಗ್ ಆದ್ಮೇಲೆ ಮೇಲಿನ ಬಾತ್‌ರೂಮಲ್ಲಿ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ಒಸರುತ್ತಾ ಅಂತ ನೋಡ್ತೀವಿ. ನಾನು ಕಮ್ಮಿ ಅಂದ್ರೂ 24 ಗಂಟೆ, ಸಾಮಾನ್ಯವಾಗಿ ಎರಡು ದಿನ ಬಿಡ್ತೀನಿ. ಆ ದಿನ ಯಾರೂ ಬರಲ್ಲ, ಆದ್ರೆ ಅದೂ ಕೆಲಸಾನೇ. ಆಂಟೀನ ಕೇಳಿ, ನೀರು ಎಷ್ಟು ದಿನ ಕಟ್ಟಿದ್ರು ಅಂತ. ಅದನ್ನ ಕಳೆದು ಉಳಿದದ್ದು ಕೇಳಿ, ನಿಮ್ಮ ಮಾತಿಗೆ ತೂಕ ಬರುತ್ತೆ.

ಪೇಂಟಿಂಗ್ ಈಗ ಯಾರೂ ಮಾಡಿಸಬೇಡಿ. ಒದ್ದೆ ಗೋಡೆಗೆ ಪುಟ್ಟಿ ಎಳೆದರೆ ಎರಡು ತಿಂಗಳಿಗೆ ಉಪ್ಪು ಹೂವಿನ ಹಾಗೆ ಎದ್ದು, ಪುಟ್ಟಿ ಸಮೇತ ಉದುರುತ್ತೆ. ಉಬ್ಬಿದ ಗಿಲಾವು ಕೆರೆದು ಹಾಗೇ ಬಿಡಿ. ಶಿವರಾತ್ರಿ ಕಳೀಲಿ.

ಕುವೆಂಪುನಗರ_ನಿವೃತ್ತಮೇಷ್ಟ್ರು

ನೋಡಿ ತಾಯಿ, ನಾನು ಮನೆ ಬಾಡಿಗೆಗೆ ಕೊಟ್ಟವನು. ಕೆಳಗೊಂದು, ಮೇಲೊಂದು. ಆ ಬಾಡಿಗೆಯಲ್ಲೇ ನಮ್ಮಿಬ್ಬರ ಔಷಧಿ, ಇನ್ಶೂರೆನ್ಸ್ ನಡೆಯೋದು. ಹಾಗಾಗಿ ನಿಮ್ಮ ಓನರ್ ಕಷ್ಟವೂ ನನಗೆ ಗೊತ್ತು.

ಒಂದು ಸಲ ನನ್ನ ಮೇಲಿನ ಮನೆಯವರು ಮೂರು ವಾರ ಬಾಗಿಲು ತೆಗೆಯಲಿಲ್ಲ. ಇವತ್ತು ನೆಂಟರು, ನಾಳೆ ಪರೀಕ್ಷೆ. ಅಷ್ಟರಲ್ಲಿ ಕೆಳಗಿನ ಮನೆಯ ದೇವರ ಕೋಣೆ ಗೋಡೆ ಪೂರ್ತಿ ಕೆಟ್ಟಿತು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ನನ್ನ ಮನೆ, ನನ್ನ ಕೀಲಿ ಎಂದು ಮೆಟ್ಟಿಲು ಹತ್ತಿದ್ದೆ. ನನ್ನ ಹೆಂಡತಿ ಹಿಂದಿನಿಂದ ಬಂದು ಕೀಲಿ ಕಿತ್ತುಕೊಂಡಳು. "ಒಳಗೆ ಆ ಹುಡುಗಿ ಬಾಣಂತಿ ಇದ್ದಾಳೆ, ನೀವು ಹೀಗೆ ನುಗ್ತೀರಾ?" ಎಂದಳು. ಅವತ್ತಿನಿಂದ ಬಾಡಿಗೆ ಮನೆಯ ಕೀಲಿ ನಾನು ಇಟ್ಟುಕೊಂಡಿಲ್ಲ. ಕೆಲಸ ಇದ್ದರೆ ಹಿಂದಿನ ದಿನ ಒಂದು ಚೀಟಿ ಬರೆದು ಕೊಡುತ್ತೇನೆ: ಯಾರು ಬರುತ್ತಾರೆ, ಎಷ್ಟು ಗಂಟೆಗೆ, ಯಾವ ಕೋಣೆ. ಅಲ್ಲಿಂದೀಚೆಗೆ ಯಾರೂ ಬಾಗಿಲು ತೆಗೆಯಲ್ಲ ಅಂದಿಲ್ಲ.

ಬಾಡಿಗೆ ಕಡಿಮೆ ಕೇಳುವುದು ತಪ್ಪೇ ಅಂತ ಕೇಳಿದ್ದೀರಿ. ತಪ್ಪಲ್ಲ. ನಮ್ಮ ಸಂಪು ಒಡೆದು ಆರು ದಿನ ನೀರಿಲ್ಲದಾಗ ಟ್ಯಾಂಕರ್ ದುಡ್ಡು ನಾನೇ ಕೊಟ್ಟು, ಆ ತಿಂಗಳು ಎರಡೂ ಮನೆಗೆ 1,000 ಬಿಟ್ಟೆ. ನೀರಿಲ್ಲದ ಮನೆಗೆ ನೀರಿರುವ ಮನೆಯ ಬಾಡಿಗೆ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. 46,000 ವಿಚಾರಕ್ಕೆ ಬಂದರೆ, ಅದು ಅವರದೇ ಬಾತ್‌ರೂಮ್, ಅವರದೇ ಪೈಪು. ನೀವು ಬಾಡಿಗೆಗೆ ಇರದಿದ್ದರೂ ಆ ಖರ್ಚು ಆಗುತ್ತಿತ್ತು.

ಪೇಂಟಿಂಗ್: ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ನಮ್ಮಲ್ಲಿದೆ, ಅದು ನೀವು ಇದ್ದು ಬಳಸಿದ್ದಕ್ಕೆ. ಮೇಲಿನಿಂದ ಸೋರಿದ ಕಲೆಗೆ ನಿಮ್ಮ ಹತ್ತಿರ ಯಾಕೆ ಕೇಳಬೇಕು? ನನ್ನ ಸಲಹೆ, ನಿಮ್ಮ ಅತ್ತೆಯವರನ್ನೇ ಮೇಲೆ ಕರೆದುಕೊಂಡು ಹೋಗಿ. ಅವರು ಆ ಚೊಂಬಿನ ವಿಚಾರ ಹೇಳಲಿ. ನಿಮ್ಮ ಓನರ್‌ಗೆ ಅದು ಗೊತ್ತಿರಲಾರದು.

ಕೋರ್ಟ್‌ರೋಡ್_ವಕೀಲೆ

ಮೇಡಂ, ನಾನು ತುಮಕೂರಿನಲ್ಲೇ ಪ್ರಾಕ್ಟೀಸ್ ಮಾಡುತ್ತೇನೆ. ಮೊದಲು ನಿಮ್ಮ ಮನೆಯವರಿಗೆ ಹೇಳಿ, ಬಾಡಿಗೆ ನಿಲ್ಲಿಸಬೇಡಿ. ಕಾರಣ ಹೇಳುತ್ತೇನೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ನಿಮಗೆ ಅನ್ವಯವಾಗುವುದಿಲ್ಲ. ಅದರ ಅನುಸೂಚಿಯ 'ಎ' ಭಾಗದ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನು ಅದು ಹೊರಗಿಟ್ಟಿದೆ. ಇವತ್ತು ಆ ಬಾಡಿಗೆಗೆ ಸಿಗುವ ಮನೆ ಯಾವುದಿದೆ? ಹಾಗಾಗಿ ನಿಮ್ಮಂಥವರಿಗೆಲ್ಲ ನಿಮ್ಮ ಅಗ್ರಿಮೆಂಟ್, ಅದರ ಜೊತೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮನ್ನು ನಿಮ್ಮ ವಿಷಯಕ್ಕೆ ಬೇಕಾದಷ್ಟು ಹೇಳುತ್ತೇನೆ.

108(ಸಿ) ಪ್ರಕಾರ, ಬಾಡಿಗೆ ಕಟ್ಟಿಕೊಂಡು, ಒಪ್ಪಂದದಂತೆ ನಡೆದುಕೊಳ್ಳುವ ಬಾಡಿಗೆದಾರರು ಅಡ್ಡಿ ಇಲ್ಲದೆ ಮನೆಯಲ್ಲಿ ಇರಬಹುದು. "ಬಾಡಿಗೆ ಕಟ್ಟಿಕೊಂಡು" ಎನ್ನುವ ಮಾತು ಕಲಮಿನಲ್ಲೇ ಇದೆ. ನಿಮ್ಮ ಕೈಯಲ್ಲಿರುವ ದೊಡ್ಡ ಬಲ ನಾಲ್ಕು ವರ್ಷದ ಆ 5ನೇ ತಾರೀಖು. ಒಂದು ತಿಂಗಳು ನಿಲ್ಲಿಸಿದಿರೆಂದರೆ, ನಾಳೆ ತಪ್ಪಿದವರು ನೀವೇ ಆಗುತ್ತೀರಿ. 106ನೇ ಕಲಮಿನಡಿ ತಿಂಗಳ ಲೆಕ್ಕದ ಬಾಡಿಗೆಯನ್ನು 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು ಎಂಬುದೂ ನೆನಪಿರಲಿ. 11 ತಿಂಗಳ ಅಗ್ರಿಮೆಂಟ್ ಮುಗಿದು ರಿನ್ಯೂ ಮಾಡಿಸದೆ ಇದ್ದೀರಾದರೆ ಸಾಮಾನ್ಯವಾಗಿ ನಿಮ್ಮದು ಆ ಲೆಕ್ಕಕ್ಕೇ ಬರುತ್ತದೆ.

108(ಎಂ) ಓನರ್ ಕಡೆಗಿದೆ. ಸಮಂಜಸ ಹೊತ್ತಿನಲ್ಲಿ ಅವರು ಬಂದು ಮನೆ ಸ್ಥಿತಿ ನೋಡಲು ಬಿಡಬೇಕು. ಭಾನುವಾರ ಬನ್ನಿ ಎಂದದ್ದು ತಪ್ಪಲ್ಲ, ಬರಲೇಬೇಡಿ ಎಂದಿದ್ದರೆ ತಪ್ಪಾಗುತ್ತಿತ್ತು. ಆದರೆ ವಯಸ್ಸಾದವರು ಒಬ್ಬರೇ ಮಲಗಿರುವಾಗ, ಹೇಳದೆ ಕೀಲಿ ತಿರುಗಿಸಿ ಗೋಡೆ ಒಡೆಯುವುದಕ್ಕೆ ಈ ಕಲಮಿನಲ್ಲಿ ಜಾಗವಿಲ್ಲ. ಮನೆ ಅವರದ್ದು, ಸ್ವಾಧೀನ ನಿಮ್ಮದು. ಇದಕ್ಕೆ ಪೊಲೀಸ್ ಕಂಪ್ಲೇಂಟ್ ಕೊಡಿ ಎಂದು ಕೆಲವರು ಹೇಳಬಹುದು. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮಿನ ಅತಿಕ್ರಮ ಪ್ರವೇಶಕ್ಕೆ ಅಪರಾಧ ಮಾಡುವ, ಹೆದರಿಸುವ, ಅವಮಾನ ಮಾಡುವ ಅಥವಾ ಪೀಡಿಸುವ ಉದ್ದೇಶ ಇರಬೇಕು. ಪೈಪು ಸರಿ ಮಾಡಿಸಲು ಬಂದವರ ಮೇಲೆ ಅದು ನಿಲ್ಲುವುದು ಕಷ್ಟ, ಸಂಬಂಧ ಮಾತ್ರ ಕೆಡುತ್ತದೆ.

108(ಎಫ್) ಬಗ್ಗೆ ಇಂಟರ್‌ನೆಟ್‌ನಲ್ಲಿ ಅರ್ಧ ಓದಿ ಬರುತ್ತಾರೆ. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟು ಸಮಂಜಸ ಕಾಲ ಕಾದರೂ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. "ಮಾಡಿಸಲೇಬೇಕಾದ" ಎನ್ನುವುದು ಅಗ್ರಿಮೆಂಟಿನಿಂದಲೋ ರೂಢಿಯಿಂದಲೋ ಬರಬೇಕು. ನಿಮ್ಮ ಅಗ್ರಿಮೆಂಟಿನಲ್ಲಿ ರಿಪೇರಿ ಬಗ್ಗೆ ಏನಿದೆ ಓದಿ. ಇಲ್ಲಿ ಅವರೇ ಮಾಡಿಸಿರುವುದರಿಂದ ಆ ಕಲಮು ಈಗ ಬೇಕಾಗಿಲ್ಲ.

ಇನ್ನು ಬಾಡಿಗೆ ಕಡಿತ. ತಾತ್ಕಾಲಿಕವಾಗಿ ಒಂದು ಕೋಣೆ ಹೋದರೆ ಇಷ್ಟು ಕಳೆಯಿರಿ ಎನ್ನುವ ಪಟ್ಟಿ ಈ ಕಾಯ್ದೆಯಲ್ಲಿಲ್ಲ. ಆದರೆ 1966ರಲ್ಲಿ ಸುಪ್ರೀಂ ಕೋರ್ಟ್ ಸುರೇಂದ್ರನಾಥ ಬಿಬ್ರಾ ಮತ್ತು ಸ್ಟೀಫನ್ ಕೋರ್ಟ್ ನಡುವಿನ ಪ್ರಕರಣದಲ್ಲಿ ಒಂದು ದಾರಿ ತೋರಿಸಿದೆ. ಕಲ್ಕತ್ತಾದ ಫ್ಲ್ಯಾಟ್, ಮೂರು ಬೆಡ್‌ರೂಮ್‌ಗಳಲ್ಲಿ ಒಂದನ್ನು ಓನರ್ ಬಿಟ್ಟುಕೊಡಲಿಲ್ಲ. ಬಾಡಿಗೆ ಪೂರ್ತಿ ನಿಲ್ಲಿಸುವ ಹಕ್ಕು ಬಾಡಿಗೆದಾರರಿಗೆ ಸಿಗಲಿಲ್ಲ, ಓನರ್‌ಗೆ ಪೂರ್ತಿ ಬಾಡಿಗೆಯೂ ಸಿಗಲಿಲ್ಲ. ಅನುಭವಿಸಿದ ಭಾಗಕ್ಕೆ ತಕ್ಕಷ್ಟು ಬಾಡಿಗೆ ಎಂದಾಯಿತು, ಪ್ರತಿ ಪ್ರಕರಣವೂ ಅದರದರ ಸಂಗತಿಯ ಮೇಲೆ ಎಂದೂ ಹೇಳಿತು. ನಿಮ್ಮದು ರಿಪೇರಿ, ಅದು ಬೇರೆ ಸಂದರ್ಭ. ಆದರೂ ನೀವು ಕೇಳುತ್ತಿರುವುದು ಅದೇ ತೂಕದ ನ್ಯಾಯ.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ, ಓನರ್ ಒಳಗೆ ಬರಲು 24 ಗಂಟೆ ಮುಂಚೆ ನೋಟಿಸ್ ಕೊಡಬೇಕು, ಸೂರ್ಯೋದಯಕ್ಕೆ ಮುಂಚೆ, ಸೂರ್ಯಾಸ್ತದ ನಂತರ ಬರಬಾರದು ಎಂದಿದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ತರುವ ತನಕ ನಿಮ್ಮ ಓನರ್ ಮೇಲೆ ಅದನ್ನು ಹಾಕಲಾಗದು. ಆದರೆ ಮುಂದಿನ ಅಗ್ರಿಮೆಂಟಿನಲ್ಲಿ ಆ ಸಾಲನ್ನು ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ನವೆಂಬರ್ ಬಾಡಿಗೆ ಪೂರ್ತಿ ಕಟ್ಟಿ, ಬ್ಯಾಂಕ್ ಮೂಲಕ. ಅದೇ ದಿನ ಒಂದು ಪುಟದ ಪತ್ರ ಕೊಡಿ: ದಿನಗಳ ಲೆಕ್ಕ, ಚೇರ್ ಬಿಲ್ಲು, ಕೀಲಿ ವಿಚಾರ, ಕಡಿತದ ಹಕ್ಕು ಬಿಟ್ಟುಕೊಟ್ಟಿಲ್ಲ ಎನ್ನುವ ಒಂದು ಸಾಲು. ಕೈಗೆ ಕೊಟ್ಟರೆ ನಕಲಿನ ಮೇಲೆ ಸಹಿ ಹಾಕಿಸಿಕೊಳ್ಳಿ, ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್. ಕ್ಯಾಲೆಂಡರ್ ಹಾಳೆ ಹರಿಯಬೇಡಿ. ಮಾತಿಗೆ ಒಪ್ಪದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ. ಫೋನ್ 15100.

ಬಟವಾಡಿ_ಎರಡನೇಮಹಡಿ

ಮೂರು ವಾರ ಆದ್ಮೇಲೆ ಬರೀತಿದೀನಿ. ಉತ್ತರ ಕೊಟ್ಟ ಎಲ್ಲರಿಗೂ ಕೈ ಮುಗೀತೀನಿ.

ಗಾರೆ ಕೆಲಸದ ಅಣ್ಣನ ಮಾತಿನಂತೆ ಅವತ್ತೇ ಸಂಜೆ ಎಲೆಕ್ಟ್ರಿಷಿಯನ್ ಕರೆಸಿದ್ವಿ. ಸ್ವಿಚ್ ಬಾಕ್ಸ್ ಬಿಚ್ಚಿದ್ರೆ ಒಳಗೆ ನೀರಿನ ಹನಿ, ಒಂದು ವೈರಿನ ತಾಮ್ರ ಹಸಿರಾಗಿತ್ತು. ಅದನ್ನ ಅಂಗೈ ಮೇಲೆ ಇಟ್ಕೊಂಡು ಮೇಲೆ ಹೋಗಿ ಅಂಕಲ್‌ಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದ್ರು, ಏನೂ ಮಾತಾಡಲಿಲ್ಲ. ಮಾರನೇ ದಿನ ಆರ್‌ಸಿಸಿಬಿ ಅವರೇ ದುಡ್ಡು ಕೊಟ್ಟು ಹಾಕಿಸಿದ್ರು, ಎರಡೂ ಮನೆಗೆ.

ಬಾಡಿಗೆ 4ನೇ ತಾರೀಖೇ ಪೂರ್ತಿ ಹಾಕಿದೆ. ನಮ್ಮ ಯಜಮಾನ್ರಿಗೆ 108(ಸಿ) ಓದಿ ಹೇಳಿದ್ಮೇಲೆ ಒಪ್ಪಿದ್ರು. ಪತ್ರ ಬರೆದೆ. ಬರೆಯುವಾಗ ನನಗೇ ಗೊತ್ತಾಯ್ತು, 3,500 ಅಂತ ಕೇಳಿದ್ದಕ್ಕೆ ನನ್ನ ಹತ್ರ ಲೆಕ್ಕವೇ ಇರಲಿಲ್ಲ, ಸಿಟ್ಟಿಗೆ ಬಂದ ನಂಬರ್ ಅದು. ಆಂಟೀನ ಕೇಳಿದೆ, ನೀರು ಎರಡು ದಿನ ಕಟ್ಟಿದ್ರಂತೆ. 11ರಲ್ಲಿ ಅದನ್ನ ಕಳೆದೆ, 9 ದಿನ. ದಿನಕ್ಕೆ 383 ಬಾಡಿಗೆ, ಅರ್ಧ ಮನೆ ಬಳಸಿದೀವಿ ಅಂತ ಅರ್ಧ ಹಿಡಿದೆ, 1,725 ಬಂತು. ಚೇರ್‌ನ 2,400ರಲ್ಲಿ ಅರ್ಧ 1,200, ಯಾಕಂದ್ರೆ ಚೇರ್ ನಮ್ಮ ಹತ್ರಾನೇ ಉಳಿಯುತ್ತೆ. ಒಟ್ಟು 2,925. ಸೆಪ್ಟೆಂಬರ್‌ನಲ್ಲಿ ಎರಡು ಸಲ ನಾನು ಮುಂದೂಡಿದ್ದನ್ನೂ ಪತ್ರದಲ್ಲಿ ಬರೆದೆ.

ಮೇಷ್ಟ್ರು ಹೇಳಿದ ಹಾಗೆ ಅತ್ತೇನ ಕರ್ಕೊಂಡು ಹೋದೆ. ಅತ್ತೆ ಬಾಡಿಗೆ ಮಾತೇ ಎತ್ತಲಿಲ್ಲ. "ನಿಮ್ಮಮ್ಮ ಮಲಗಿದ್ದಾಗ ಯಾರಾದ್ರೂ ಹಾಗೆ ಬಂದಿದ್ರೆ ಏನನ್ನಿಸ್ತಿತ್ತಪ್ಪ ನಿನಗೆ?" ಅಂದ್ರು ಅಷ್ಟೇ. ಅಂಕಲ್‌ಗೆ 66 ವರ್ಷ. ಅವರನ್ನ ನಿನಗೆ ಅಂದಿದ್ದು ಕೇಳಿ ನನಗೆ ಎದೆ ಧಸಕ್ ಅಂತು. ಅವರು ಕನ್ನಡಕ ತೆಗೆದು ಒರೆಸ್ಕೊಂಡು, "ನೀವು ಒಳಗಿದ್ದೀರಿ ಅಂತ ಗೊತ್ತಿರಲಿಲ್ಲಮ್ಮ, ಬೆಲ್ ಹೊಡೆದೆ, ಯಾರೂ ಬರಲಿಲ್ಲ" ಅಂದ್ರು. ಅತ್ತೆಗೆ ಬೆಲ್ ಕೇಳಿಸಲ್ಲ. ಅದು ನಾವೂ ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಪತ್ರ ಓದಿ 2,925 ಯಾಕೆ, 3,000 ಅಂತ ಮಾಡಿ ಅಂದವರು ಆಂಟಿ. ಡಿಸೆಂಬರ್ ಬಾಡಿಗೇಲಿ ಕಳೆದು 8,500 ಹಾಕೋದು ಅಂತ ಆಯ್ತು, ಅಂಕಲ್ ನಕಲಿನ ಮೇಲೆ ಬರೆದು ಸಹಿ ಹಾಕಿದ್ರು. ಪೇಂಟಿಂಗ್ ಇನ್ನೂ ಮುಗಿದಿಲ್ಲ. ಅರ್ಧ ಅವರು ಅರ್ಧ ನಾವು ಅಂತಿದ್ದಾರೆ, ನಾನು ಒಪ್ಪಿಲ್ಲ. ಶಿವರಾತ್ರಿವರೆಗೂ ಟೈಮ್ ಇದೆ, ಮಾತಾಡ್ತೀವಿ. ಜನವರೀಲಿ ಅಗ್ರಿಮೆಂಟ್ ರಿನ್ಯೂ ಇದೆ, ಅದರಲ್ಲಿ 24 ಗಂಟೆ ಮುಂಚೆ ಹೇಳೋ ಸಾಲು ಬರೆಸೋಕೆ ಒಪ್ಪಿದ್ದಾರೆ. ಭಾನುವಾರ ಅಂತ ನಾನು ಎರಡು ಸಲಕ್ಕಿಂತ ಹೆಚ್ಚು ಮುಂದೂಡಬಾರದು ಅಂತ ಅವರೂ ಒಂದು ಸಾಲು ಕೇಳಿದ್ರು. ಸರಿ ಅಂದೆ.

ಇನ್ನೊಂದು ಕೀಲೀನ ಅಂಕಲ್ ಅವತ್ತೇ ಟೇಬಲ್ ಮೇಲೆ ಇಟ್ಟು, ತಗೊಳ್ಳಿ ಅಂದ್ರು. ನಾನು ತಗೊಂಡೆ. ಕೆಳಗೆ ಬಂದ್ಮೇಲೆ ಅತ್ತೆ ಅದನ್ನ ನನ್ನ ಕೈಯಿಂದ ಇಸ್ಕೊಂಡು, ನಾವೆಲ್ಲ ಹೊರಗಿದ್ದಾಗ ತಾನು ಬಿದ್ದು ಗಿದ್ದು ಹೋದ್ರೆ ಯಾರು ಬಾಗಿಲು ತೆಗೀತಾರೆ ಅಂತ ಕೇಳಿದ್ರು. ಈಗ ಅದು ಆಂಟಿ ಹತ್ರ ಇದೆ. ಅವರ ದೇವರ ಮನೆ ಮೊಳೆಗೆ ನೇತುಹಾಕಿದ್ದಾರೆ. ಅಂಕಲ್ ಕೈಗೆ ಕೊಡಲ್ಲ ಅಂತ ಅತ್ತೆಗೆ ಮಾತು ಕೊಟ್ಟಿದ್ದಾರೆ.